ಬಾವಿಯ ತಳದಲ್ಲಿ ಕೇಳಿದ ವಿಮಾನ

ನಿಜಾಮರ ಆಳ್ವಿಕೆಯ ಮೂವತ್ತರ ದಶಕದಲ್ಲಿ ನಾನು ಕಲಬುರ್ಗಿಯ ಕಚೇರಿಯಿಂದ ಕಮಲಾಪುರಕ್ಕೆ ಸರಕಾರಿ ಬಾವಿ ಕೆಲಸದ ಓವರ್‌ಸಿಯರ್ ಆಗಿ ಹೋಗಿದ್ದೆ. ಬಾವಿ ನಲವತ್ತೆರಡು ಅಡಿ ಇಳಿದಿತ್ತು. ತಳದಲ್ಲಿ ಇಮಾಮ್‌ಸಾಬ್ ಕಲ್ಲು ಒಡೆಯುತ್ತಿದ್ದ. ಮೇಲೆ ರಾಟೆಯ ಹಗ್ಗ ಹಿಡಿದ ಮೂವರಿಗೆ ಶರಣಮ್ಮ ಮುಂದಾಳು. ಅವರದೊಂದು ಕಟ್ಟಳೆ: ತಳದವನು ಹಗ್ಗವನ್ನು ಮೂರು ಸಲ ಜಗ್ಗಿದರೆ, ಯಾರು ಏನೇ ಹೇಳಲಿ, ಅವನನ್ನು ಮೇಲೆತ್ತಬೇಕು.

ಇಂಜಿನಿಯರ್ ಸಾಹೇಬರು ತಪಾಸಣೆಗೆ ಬಂದ ಮಧ್ಯಾಹ್ನ ವಿಮಾನವೊಂದು ತೀರ ತಗ್ಗಿನಲ್ಲಿ ಹಾದುಹೋಯಿತು. ಹಗ್ಗ ಮೂರು ಸಲ ಜಗ್ಗಿತು.

"ವಿಮಾನದ ಸಪ್ಪಳ ಅದು, ಎಳೀಬ್ಯಾಡ!" ಎಂದು ನಾನೇ ಕೂಗಿದೆ. ಶರಣಮ್ಮ ನನ್ನತ್ತ ತಿರುಗಲೂ ಇಲ್ಲ, ಎಳೆದಳು.

"ಗ್ವಾಡಿ ಬೀಳಾಕತ್ತಿತ್ತು," ಎಂದ ಇಮಾಮ್‌ಸಾಬ್, ಮೇಲೆ ಬಂದವನೇ. ಗೋಡೆಯನ್ನೆಲ್ಲ ಸುತ್ತಿಗೆಯಿಂದ ಬಡಿದು ನೋಡುವವರೆಗೆ ಯಾರೂ ಇಳಿಯಲಿಲ್ಲ. ಗೋಡೆ ಗಟ್ಟಿಯಾಗಿಯೇ ಇತ್ತು, ಆದರೆ ಅರ್ಧ ದಿನದ ಕೆಲಸ ನಿಂತಿತು.

ಸಾಹೇಬರು ನಕ್ಕರು. "ಹವಾಯಿ ಜಹಾಜಿಗೆ ಅಂಜೋ ಮಂದಿ! ನಾಳಿ ಇದೇ ಹೊತ್ತಿಗಿ ವಾಪಸ್ ಬರ್ತದ, ಮತ್ತ ಓಡ್ತೀರೇನು?" ಆಮೇಲೆ ನನ್ನತ್ತ ತಿರುಗಿದರು. "ಹುಕುಂ ಮೀರಿದ ಈ ಹೆಂಗಸನ್ನ ಕೆಲಸದಿಂದ ತೆಗಿ. ಗಾಬರಿಯಾಗಿ ಕೆಲಸ ಕೆಡಿಸ್ಯಾಳ ಅಂತ ರಿಪೋರ್ಟ್ ಬರಿ."

"ನಿಮಗ ಆಕಾಶ ಕಾಣ್ತದ್ರೀ, ನಗ್ತೀರಿ," ಎಂದಳು ಶರಣಮ್ಮ. "ನಾಳಿ ನೀವೇ ತಳಕ್ಕ ಇಳದು ಕೂಡ್ರಿ. ಹಗ್ಗ ನಾ ಹಿಡೀತೀನಿ."

ಸಾಹೇಬರು ಇಳಿಯಲಿಲ್ಲ. ಅವಳದು ತಪ್ಪೆಂದು ತೋರಿಸುವ ಹಠದಲ್ಲಿ ಮರುದಿನ ನಾನು ಇಳಿದೆ.

ವಿಮಾನ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಸದ್ದು ಮೇಲಿನಿಂದ ಬರಲಿಲ್ಲ. ಮೊದಲು ಬೆನ್ನ ಹಿಂದಿನ ಕಲ್ಲಿನಿಂದ, ಆಮೇಲೆ ಸುತ್ತಲಿಂದ, ಕೊನೆಗೆ ಪಾದದ ಕೆಳಗಿನಿಂದ ಬಂತು. ತಲೆಯ ಮೇಲೆ ತಟ್ಟೆಯಷ್ಟು ಆಕಾಶ. ಅದರಲ್ಲಿ ಏನೂ ಇರಲಿಲ್ಲ. ಹೆಗಲ ಮೇಲೆ ಒಂದು ಹಿಡಿ ಮಣ್ಣು ಉದುರಿತು. ನಾನು ಹಗ್ಗ ಜಗ್ಗಿದೆ, ಮೂರಕ್ಕಿಂತ ಹೆಚ್ಚೇ. "ಠೈರೋ, ಎಳೀಬ್ಯಾಡ್ರಿ!" ಎಂದು ಸಾಹೇಬರು ಮೇಲೆ ಕೂಗಿದರು. ಆದರೂ ಹಗ್ಗ ಬಿಗಿಯಾಯಿತು, ಶರಣಮ್ಮ ನನ್ನನ್ನು ಮೇಲೆಳೆದಳು.

"ಹ್ಯಾಂಗಿತ್ರೀ ಹವಾಯಿ ಜಹಾಜು?" ಎಂದು ಇಮಾಮ್‌ಸಾಬ್ ಕೇಳಿದ. ನಾನು ಹೆಗಲ ಮೇಲಿನ ಮಣ್ಣು ಕೊಡವಿದೆ.

ಅಲ್ಲೇ ಕೂತು ರಿಪೋರ್ಟ್ ಬರೆದೆ: ತಳದಲ್ಲಿ ನಾನೂ ಗೋಡೆ ಕುಸಿಯಿತೆಂದೇ ತಿಳಿದೆ, ಶರಣಮ್ಮ ಇಬ್ಬರನ್ನೂ ಕಟ್ಟಳೆಯಂತೆ ಮೇಲೆತ್ತಿದಳು, ಅವಳನ್ನು ತೆಗೆಯಲು ಕಾರಣವಿಲ್ಲ.

"ಹರಿದು ಬ್ಯಾರೆ ಬರಿ," ಎಂದರು ಸಾಹೇಬರು.

"ಬ್ಯಾರೆ ಬೇಕಂದ್ರ ನೀವು ಇಳದು ಬಂದು ಬರೀರಿ, ಸಾಹೇಬ್ರ," ಎಂದೆ.

ಆ ವಾರವೇ ನನಗೆ ವರ್ಗವಾಯಿತು. ಆದರೆ ವರದಿ ಹಾಗೆಯೇ ಉಳಿಯಿತು. ನೀರು ಬರುವವರೆಗೂ ಶರಣಮ್ಮನೇ ಹಗ್ಗ ಹಿಡಿದಿದ್ದಳು. ಮುಂದೆ ನೌಕರಿಯುದ್ದಕ್ಕೂ, ಅಂಜಿದವರ ಬಗ್ಗೆ ಬರೆಯುವ ಮೊದಲು ಅವರು ನಿಂತಿದ್ದ ಜಾಗಕ್ಕೆ ಹೋಗಿ ನಿಂತೆ. ಮೇಲಿನವರು ನಕ್ಕರೆ, ಅವರಿಗೂ ಅಲ್ಲಿಗೆ ದಾರಿ ತೋರಿಸಿದೆ.