ಖಾಲಿ ರಸ್ತೆಗೆ ಕೈ ತೋರಿಸಿದ್ದು

ನನಗೆ ಎಡಬಲ ಸರಿಯಾಗಿ ತಿಳಿದದ್ದು ಹದಿನೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಉಣ್ಣುವ ಕೈ ಒಂದು, ಉಳಿದದ್ದು ಇನ್ನೊಂದು, ಇಷ್ಟರಲ್ಲೇ ಬದುಕು ನಡೆದಿತ್ತು. ಆದರೆ ಅರವತ್ತರ ದಶಕದ ಆರಂಭದಲ್ಲಿ, ಧಾರವಾಡದಲ್ಲಿ ಡಾಕ್ಟರಾಗಿದ್ದ ಅಪ್ಪನ ಕಣ್ಣಿಗೆ ಪೊರೆ ಬಂತು. ಹತ್ತಿರದ ಹಳ್ಳಿ ಹೆಬ್ಬಳ್ಳಿಯ ರೋಗಿಗಳು ಅವರ ದಾರಿಯನ್ನೇ ಕಾಯುತ್ತಿದ್ದರು. ನಮ್ಮ ಹಳೆಯ ಕರಿ ಕಾರು ನಡೆಸಲು ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹುಡುಗಿ ಕಾರು ಹೊಡೆಯುತ್ತಾಳಂತೆ ಎಂದು ಓಣಿಯವರು ನಕ್ಕರು. ನಾನು ಹೊಡೆಯುವುದನ್ನು ನೋಡಿದ ಮೇಲೆ ನಗು ನಿಲ್ಲಿಸಿ, ಕಟ್ಟೆ ಹತ್ತಿ ನಿಂತರು.

ಕಲಿಸಲು ಬಂದವರು ಹುಬ್ಬಳ್ಳಿ ಕಮರಿಪೇಟೆಯ ದಸ್ತಗೀರ ಚಾಚಾ. ಮೊದಲು ಲಾರಿ ಹೊಡೆಯುತ್ತಿದ್ದವರು, ಯಾಕೋ ಅದನ್ನು ಬಿಟ್ಟು ಮೆಕ್ಯಾನಿಕ್ ಆಗಿದ್ದರು. ನಮ್ಮ ಕಾರಿಗೆ ಮಿಣುಕುವ ದೀಪಗಳಿರಲಿಲ್ಲ. ನಡೆಸುವವರ ಬಲಗೈಯೇ ಎಲ್ಲ. ಬಲಕ್ಕೆ ತಿರುಗುವುದಾದರೆ ಕೈ ಹೊರಗೆ ಚಾಚಬೇಕು, ನಿಲ್ಲಿಸುವುದಾದರೆ ಮೇಲೆತ್ತಬೇಕು. ಈ ಸನ್ನೆಗಳನ್ನು ಅಡುಗೆಮನೆಯಲ್ಲಿ ಅಭ್ಯಾಸ ಮಾಡಲು ಹೋಗಿ ಅವ್ವನ ಸಾರಿನ ಪಾತ್ರೆ ಉರುಳಿಸಿದ್ದೂ ಉಂಟು.

ಹೆಬ್ಬಳ್ಳಿ ರಸ್ತೆಯ ಮೂರನೆಯ ಮೈಲಿಗಲ್ಲು ಬಂದರೆ ಚಾಚಾ, "ನಿಲ್ಲಸು ಬೇಟಿ" ಎನ್ನುತ್ತಿದ್ದರು. ಅಲ್ಲಿ ಗಿಡವಿಲ್ಲ, ಮನೆಯಿಲ್ಲ, ಅಡ್ಡದಾರಿಯೂ ಇಲ್ಲ. ಎರಡೂ ಕಡೆ ಎರೆಹೊಲ. ಕೈಯೆತ್ತಿ ನಿಲ್ಲಿಸಿ ಸುಮ್ಮನೆ ಕಾಯಬೇಕು. ಆಗ ಅವರ ಕಣ್ಣು ರಸ್ತೆಯ ಎಡಗಡೆಯಿಂದ ಬಲಗಡೆಗೆ ಮೆಲ್ಲಗೆ ಸಾಗುತ್ತಿತ್ತು, ಯಾರದೋ ನಡಿಗೆಯ ಜೊತೆಗೆ ಹೋದ ಹಾಗೆ.

"ಇಲ್ಲಿ ಯಾರದಾರ್ರಿ ಚಾಚಾ?" ಎಂದು ಒಮ್ಮೆ ಕೇಳಿದೆ.

"ಯಾರೂ ಕಾಣವಲ್ರು. ಅದಕ್ಕ ನಿಲ್ಲಸಬೇಕು," ಎಂದರು.

ನಾನು ಮತ್ತೊಮ್ಮೆ ಎರಡೂ ಕಡೆ ನೋಡಿ ಗೇರು ಹಾಕಿದೆ.

ಲೈಸೆನ್ಸಿನ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರು ನಮ್ಮ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು, ಚಾಚಾನನ್ನು ಕಂಡವರೂ ಅಲ್ಲ. "ನಿಮಗೆ ಗೊತ್ತಿರೋ ದಾರೀಲೇ ಹೊಡೀರಿ" ಎಂದರು. ನನಗೆ ಗೊತ್ತಿದ್ದದ್ದು ಹೆಬ್ಬಳ್ಳಿ ದಾರಿಯೊಂದೇ. ಮೂರನೆಯ ಕಲ್ಲಿನ ಹತ್ತಿರ ಕೈ ತಾನಾಗಿ ಮೇಲೆದ್ದಿತು, ಕಾಲು ಬ್ರೇಕು ಒತ್ತಿತು. ಖಾಲಿ ರಸ್ತೆಯಲ್ಲಿ ಯಾಕೆ ನಿಂತಿರಿ ಎಂದರೆ ಏನು ಹೇಳಲಿ? ಫೇಲಾದೆನೆಂದುಕೊಂಡೆ. ಇನ್ಸ್‌ಪೆಕ್ಟರು ಕಾಗದದಲ್ಲಿ ಏನೋ ಗೀಚಿದರು.

"ಒಳ್ಳೇದು," ಎಂದರು. "ಹೊರೆ ಹೊತ್ತವರು ಅಡ್ಡ ಬಂದರೆ ಎಲ್ಲರೂ ಹಾರ್ನ್ ಹೊಡೀತಾರೆ. ನೀವು ಆ ಮುದುಕಿ ದಾಟೋವರೆಗೂ ಕಾದಿರಿ."

ನಾನು ಬಲಗಡೆ ನೋಡಿದೆ. ಕಡಲೆ ಕಿತ್ತು ಬೋಳಾದ ಹೊಲ. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನ ಬಸ್ಸು ಹಿಡಿದು ಕಮರಿಪೇಟೆಗೆ ಹೋಗಿ ಚಾಚಾನಿಗೆ ಎಲ್ಲ ಹೇಳಿದೆ. ಅವರು ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟರು.

"ತಲಿಮ್ಯಾಲೆ ಏನಿತ್ತಂತ?"

"ಹೊರಿ ಅಂದ್ರು. ಏನ ಹೊರಿ ಅಂತ ನಾ ಕೇಳಲಿಲ್ರಿ."

"ಹುಲ್ಲಿಂದು," ಎಂದರು ಚಾಚಾ. "ಭಾಳ ವರ್ಷ ಆತು. ರಸ್ತಾ ಖಾಲಿ ಐತಿ ಅಂತ ಲಾರಿ ಜೋರ ಬಿಟ್ಟಿದ್ದೆ. ಆಕಿ ನನಗ ಕಾಣಲೇ ಇಲ್ಲ." ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ದಾಟಿದ್ಲಂತೇನು, ಬೇಟಿ?"

"ದಾಟಿದ್ಲಂತ್ರಿ."

ಅವರು ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡರು.

ಅಪ್ಪನಿಗೆ ಹೇಳಿದರೆ, ಪೊರೆ ಬಂದ ತಮ್ಮ ಕಣ್ಣನ್ನು ಉಜ್ಜಿಕೊಳ್ಳುತ್ತ, "ಆ ಇನ್ಸ್‌ಪೆಕ್ಟರರ ಕಣ್ಣು ಒಮ್ಮೆ ತೋರಿಸಬೇಕಲ್ಲ" ಎಂದರು. ಇರಬಹುದು. ಆದರೆ ಆಮೇಲೆ ಆ ದಾರಿಯಲ್ಲಿ ನಮ್ಮ ಜೊತೆ ಬಂದಾಗ ಚಾಚಾ ನಿಲ್ಲಿಸೆನ್ನಲಿಲ್ಲ. ಕಿಟಕಿಗೆ ಮೊಳಕೈ ಊರಿ ಹಾಯಾಗಿ ಕೂತಿದ್ದರು. ನಾನೇ ನಿಲ್ಲಿಸಿದೆ.

"ಮತ್ತ್ಯಾಕ ಬೇಟಿ? ಆಕಿ ಹೋದ್ಲಲ್ಲ."

ಹೋಗಿರಬಹುದು. ಆದರೆ ನಾನಿನ್ನೂ ಆಕೆಯನ್ನು ಕಂಡಿರಲಿಲ್ಲ.