ಸಾಸಿವೆ ಡಬ್ಬಿ

ನರ್ಸರಿಯಲ್ಲಿ ಅವಳನ್ನು ಎಲ್ಲರೂ ಸಸಿಯಕ್ಕ ಎನ್ನುತ್ತಿದ್ದರು. ಬೀಜ ಬಿತ್ತುವ ಕೆಲಸ ಬೇರೆ ಯಾರಿಗೂ ಹೋಗುತ್ತಿರಲಿಲ್ಲ, ಅಂಥ ಕೈಗುಣ ಅವಳದು. "ಅವಳಿಗೆ ಪೊರಕೆ ಕೊಡಬೇಡಿ, ಬೇರು ಬಿಟ್ಟೀತು" ಎಂದು ನೀರು ಹಾಯಿಸುವವನು ತಮಾಷೆ ಮಾಡುತ್ತಿದ್ದ. ಹತ್ತು ಜನ ಹತ್ತು ವರ್ಷ ಹೇಳಿದ್ದನ್ನು ನಂಬದೆ ಇರುವುದು ಯಾರಿಗೆ ಸಾಧ್ಯ? ಅವಳೂ ನಂಬಿದ್ದಳು.

ಆ ಕೈಯೇ ಈಗ ಕೈಕೊಟ್ಟಿತ್ತು. ಟೊಮೆಟೊ ಬಿತ್ತಿದ ಟ್ರೇಗಳಲ್ಲಿ ಒಂದು ಮೊಳಕೆಯೂ ಏಳಲಿಲ್ಲ. ಮೆಣಸಿನ ಸಸಿ ತಲೆ ಎತ್ತಿದಂತೆ ಮಾಡಿ, ಎರಡೆಲೆ ಬಿಡುವ ಮುಂಚೆಯೇ ಸುಟ್ಟುಹೋಯಿತು. ಟ್ರೇಗಳಿಗೆ ಮಣ್ಣಿನ ಬದಲು ತುಂಬುತ್ತಿದ್ದದ್ದು ತೆಂಗಿನ ನಾರಿನ ಪುಡಿ. "ಹೊಸದಾಗಿ ಬಂದ ಪುಡಿ ಸರಿಯಿಲ್ಲ ಕಣಮ್ಮ, ಉಪ್ಪು ತೊಳೀದೆ ಕಳಿಸಿದಾರೆ ಅನ್ಸುತ್ತೆ" ಎಂದರು ನರ್ಸರಿಯ ಯಜಮಾನರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡಳು.

ಬೇರೆ ಹೊತ್ತಾಗಿದ್ದರೆ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೋ ಏನೋ. ಆದರೆ ಮನೆಯಲ್ಲಿ ಸೊಸೆ ಬಸುರಿ. ಹಿಂದೆ ಎರಡು ಸಲ ನಿಂತಿರಲಿಲ್ಲ. ಈ ಸಲ ಆರು ತಿಂಗಳು ತುಂಬಿತ್ತು. ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು ಡಾಕ್ಟರು. ಅವಳ ತಲೆ ಬಾಚುವುದು, ಸೊಂಟ ನೀವುವುದು ಎಲ್ಲ ಅತ್ತೆಯೇ. ಬೀಜಕ್ಕೆ ತಾಗಿದ ಕೇಡು ಬಸಿರಿಗೂ ತಾಗಿದರೆ? ಈ ಯೋಚನೆ ಹೊಕ್ಕ ಮೇಲೆ ಅವಳು ಸೊಸೆಯ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ದೂರ ಸರಿಯತೊಡಗಿದಳು. ಬಾಚಣಿಗೆಯನ್ನೂ ಅಲ್ಲೇ ಇಟ್ಟು "ನೀನೇ ಬಾಚ್ಕೊ" ಎಂದಳು. ಸೊಸೆ ಗೋಡೆಯ ಕಡೆ ಹೊರಳಿ ಮಲಗಿದಳು.

ಪರೀಕ್ಷೆ ಮಾಡಿಯೇಬಿಡೋಣ ಎಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ ಬಿತ್ತಿದಳು. ಸಾಸಿವೆ ಎಂದರೆ ಪಾತ್ರೆ ತೊಳೆಯುವ ಜಾಗದಲ್ಲಿ ಬಿದ್ದರೂ ಹುಟ್ಟುವ ಜಾತಿ. ಅದು ಬಂದರೆ ಕೈಯಲ್ಲಿ ದೋಷವಿಲ್ಲ. ಡಬ್ಬಿಗೆ ತುಂಬಿದ್ದೇನು? ನರ್ಸರಿಯಿಂದ ಚೀಲದಲ್ಲಿ ಕಟ್ಟಿ ತಂದ ಅದೇ ಪುಡಿ. ಭಯ ಹೊಕ್ಕ ತಲೆಗೆ ಬುದ್ಧಿ ಎಲ್ಲಿಂದ ಬರಬೇಕು? ಸೊಸೆಯ ಹಾಸಿಗೆ ಪಕ್ಕದ ಕಿಟಕಿಯಲ್ಲಿ ಡಬ್ಬಿ ಇಟ್ಟು ದಿನಾ ಬೆಳಗ್ಗೆ ಇಣುಕಿದಳು. ಪುಡಿ ತೇವವಾಗಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಸೊಸೆಗೆ ನೋವು ಕಾಣಿಸಿಕೊಂಡಿತು. ಮಗ ವ್ಯಾನಿನಲ್ಲಿ ಸಾಮಾನು ಹೇರಿಕೊಂಡು ಬೇರೆ ಊರಿಗೆ ಹೋಗಿದ್ದ.

"ಅತ್ತೆ, ಕೈ ಕೊಡಿ. ಏಳಕ್ಕಾಗ್ತಿಲ್ಲ."

ಅತ್ತೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಬಾಗಿಲಲ್ಲೇ ನಿಂತಳು. "ಪಕ್ಕದ ಮನೆಯವ್ರನ್ನ ಕರೀತೀನಿ ತಾಳು. ನನ್ನ ಕೈ ಬೇಡ."

"ಗೊತ್ತು ಅತ್ತೆ. ನನ್ನ ಮುಟ್ಟಕ್ಕೆ ನಿಮಗೆ ಮನಸ್ಸಿಲ್ಲ." ಸೊಸೆ ಹಲ್ಲು ಕಚ್ಚಿಕೊಂಡೇ ಮಾತಾಡಿದಳು. "ನನ್ನ ಹೊಟ್ಟೇಲಿ ಯಾವುದೂ ನಿಲ್ಲಲ್ಲ ಅಂತ ನಿಮಗೂ ಅನಿಸಿದೆ. ಆ ಡಬ್ಬೀಲಿ ನಾನೂ ಸಾಸಿವೆ ಹಾಕಿದ್ದೆ. ನಿಮ್ಮದು ಬರಲಿಲ್ಲ, ನನ್ನ ಕೈಯಲ್ಲಾದ್ರೂ ಬರುತ್ತಾ ನೋಡೋಣ ಅಂತ. ನಂದೂ ಬರಲಿಲ್ಲ."

ಯಜಮಾನರ ಮಾತನ್ನು ತನಗಾಗಿ ಒಂದು ದಿನವೂ ನಂಬದವಳು, ಸೊಸೆಗಾಗಿ ಆ ಕ್ಷಣವೇ ನಂಬಿದಳು.

"ನಿಂದಲ್ಲ ಕಣೇ, ಆ ಪುಡೀದು. ಅದರಲ್ಲಿ ಉಪ್ಪಿದೆ. ಯಾರು ಬಿತ್ತಿದ್ರೂ ಬರಲ್ಲ."

"ಮತ್ತೆ ನಿಮ್ಮ ಕೈ ಯಾಕೆ ಬಚ್ಚಿಟ್ಟಿದೀರಿ?"

ಅತ್ತೆ ಓಡಿಬಂದು ಸೊಸೆಯ ಕಂಕುಳಿಗೆ ಕೈ ಹಾಕಿ ಎತ್ತಿದಳು. ಪಕ್ಕದ ಮನೆಯವರು ಬಾಡಿಗೆ ಕಾರು ಕರೆಸಿದರು. ಹಿಂದಿನ ಸೀಟಿನಲ್ಲಿ ಸೊಸೆ ಅವಳ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿದಳು. ಎಷ್ಟೋ ದಿನಗಳ ಮೇಲೆ ಮುಟ್ಟಿದ ಹೊಟ್ಟೆ. ಒಳಗೆ ಏನೂ ಅಲುಗಲಿಲ್ಲ.

"ಏನಾದ್ರೂ ಗೊತ್ತಾಗ್ತಿದೆಯಾ ಅತ್ತೆ?"

ಕಾರು ಆಸ್ಪತ್ರೆಯ ರಸ್ತೆಗೆ ತಿರುಗಿತು.

"ತಡಿ" ಎಂದಳು. ಕೈ ತೆಗೆಯಲಿಲ್ಲ.