ನಾನು ಕೂಗದೆ ಬಿಟ್ಟ ಹೆಸರು

ಕೊರೋನಾ ಮುಗಿದ ಮರುವರ್ಷ. ಅಹಮದಾಬಾದಿನ ಮಣಿನಗರದಲ್ಲಿ ಒಂದು ಟ್ರಸ್ಟಿನ ಮಕ್ಕಳ ಆಸ್ಪತ್ರೆಯಲ್ಲಿ ನಾನು ಹೊರರೋಗಿ ವಿಭಾಗದ ಗುಮಾಸ್ತನಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಗದಗಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ರೈಲ್ವೆಯಲ್ಲಿದ್ದ ಅಣ್ಣನ ಹಿಂದೆ ಬಂದವನು ಇಲ್ಲೇ ಉಳಿದೆ. ಕೇಸ್ ಪೇಪರುಗಳನ್ನು ಬಂದ ಕ್ರಮದಲ್ಲಿ ಜೋಡಿಸಿ, ಮಗುವಿನ ಹೆಸರು ಕೂಗಿ, ಡಾಕ್ಟರ ಕೋಣೆಗೆ ಕಳಿಸುವುದು ನನ್ನ ಕೆಲಸ. ಎರಡು ಸಲ ಕೂಗಿದರೂ ಯಾರೂ ಬಾರದಿದ್ದರೆ ಪೇಪರಿನ ಮೇಲೆ ‘ಆಬ್ಸೆಂಟ್’ ಎಂದು ಬರೆದು ಕಟ್ಟಿನ ತಳಕ್ಕೆ ಹಾಕಬೇಕು.

ಆ ಹೊತ್ತಿಗೆ ಹೆಸರುಗಳ ರೀತಿಯೇ ಬದಲಾಗಿತ್ತು. ಒಂದೇ ಬೆಳಿಗ್ಗೆ ನಾಲ್ಕು ಜನ ವಿಹಾನ್, ಮೂವರು ಆರವ್. ಅದು ಬೇಸರವಾದವರು ಯಾರಿಗೂ ಇರದ ಹೆಸರನ್ನು ಫೋನಿನಲ್ಲಿ ಹುಡುಕಿ ಇಡುತ್ತಿದ್ದರು. ಇಂಗ್ಲಿಷಿನಲ್ಲಿ ಬರೆದ ಅಂಥ ಹೆಸರು ನನ್ನ ಬಾಯಲ್ಲಿ ಮುರಿಯುತ್ತಿತ್ತು. ಹಾಲ್‌ನಲ್ಲಿದ್ದವರು ನಗುತ್ತಿದ್ದರು. “ಕಾಕಾ, ನಿಮ್ಮ ಮದ್ರಾಸಿ ಮಂತ್ರ ಮುಗಿಯಿತೇ? ಈಗ ಮಗುವಿನ ಹೆಸರು ಹೇಳಿ” ಎಂದು ಒಬ್ಬ ಗುಜರಾತಿಯಲ್ಲಿ ಅಂದಿದ್ದ. ಅಂದಿನಿಂದ ಒಂದು ಚಾಳಿ ಹಿಡಿಯಿತು. ನಾಲಿಗೆ ಹೊರಳದ ಹೆಸರು ಬಂದರೆ ಕೂಗುವುದೇ ಇಲ್ಲ. ‘ಆಬ್ಸೆಂಟ್’ ಎಂದು ಬರೆದು ತಳಕ್ಕೆ ತಳ್ಳುವುದು. ಕೊನೆಗೆ ಅವರೇ ಬಂದು ಕೇಳುತ್ತಾರಲ್ಲ ಎಂಬ ಧೈರ್ಯ.

ಮೇ ತಿಂಗಳ ಒಂದು ಸೋಮವಾರ ತ್ರ್ಯಕ್ಷ್ ಎಂಬ ಹೆಸರಿನ ಪೇಪರು ಬಂತು. ಏಳು ತಿಂಗಳ ಗಂಡುಮಗು, ವಾಂತಿಭೇದಿ. ನಾನು ಹೆಸರನ್ನು ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದೆ, ಆಗಲಿಲ್ಲ. ತಳಕ್ಕೆ ಹಾಕಿದೆ. ಮತ್ತೆ ಮೇಲೆ ಬಂದಾಗ ಮತ್ತೆ ಹಾಕಿದೆ. ಹನ್ನೊಂದಕ್ಕೆ ಹೇತಲ್ ಎಂಬ ಆ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೌಂಟರಿಗೆ ಬಂದಳು.

“ಕಾಕಾ, ನಮ್ಮದು ಇನ್ನೂ ಬರಲಿಲ್ಲವೇ? ಆಗಿನಿಂದ ಇಲ್ಲೇ ಇದ್ದೀನಿ.”

“ಕೂತುಕೋ ಬೆಹೆನ್, ಎಲ್ಲರಿಗೂ ಅವಸರವೇ.”

“ಸರಿ. ಇವನೂ ಈಗ ಮಲಗಿದ್ದಾನೆ.”

ಅದು ನಿದ್ದೆಯಾಗಿರಲಿಲ್ಲ. ಮೈಯ ನೀರು ಆರಿ ಮಗು ಸೋತು ಬಿದ್ದಿತ್ತು. ತಳದಲ್ಲಿದ್ದ ಪೇಪರಿನ ಸರದಿ ಬಂದು ಡಾಕ್ಟರು ನೋಡುವಾಗ ಹನ್ನೆರಡೂವರೆ. ಡ್ರಿಪ್ ಹಾಕಲು ನರವೇ ಸಿಗಲಿಲ್ಲ. ಸಂಜೆ ಮಗು ತೀರಿಕೊಂಡಿತು.

ಮರುದಿನ ಡಾಕ್ಟರು ಪೇಪರು ಹಿಡಿದು ನನ್ನನ್ನು ಕರೆದರು. ಹೇತಲ್, ಅವಳ ಗಂಡ, ಅತ್ತೆ ಮೂವರೂ ಅಲ್ಲಿದ್ದರು.

“ಎರಡು ಕಡೆ ಆಬ್ಸೆಂಟ್ ಇದೆ. ಕರೆದಿದ್ದಿರಾ?”

“ಕರೆದಿದ್ದೆ ಸಾಹೇಬರೇ. ಯಾರೂ ಬರಲಿಲ್ಲ.”

ಅತ್ತೆ ಸೊಸೆಯ ಕಡೆ ತಿರುಗಿದಳು. “ಫೋನು ಹಿಡಿದುಕೊಂಡು ಎಲ್ಲಿ ಹೋಗಿದ್ದೆ? ಹೆತ್ತವಳಿಗೆ ಮಗನ ಹೆಸರೂ ಕೇಳಿಸಲಿಲ್ಲವೇನೇ?”

“ನಾನು ಬೆಂಚು ಬಿಟ್ಟು ಎದ್ದಿಲ್ಲ ಅತ್ತೆ, ಕಾಕಾನನ್ನೇ ಕೇಳಿ” ಎಂದಳು ಹೇತಲ್. ನಾನು ನೆಲ ನೋಡುತ್ತ ನಿಂತೆ. ತನಿಖೆ ಅಲ್ಲಿಗೇ ಮುಗಿಯಿತು. ಎಂಟು ತಿಂಗಳ ನಂತರ ನನಗೆ ಶಾಲು ಹೊದಿಸಿ, ಒಂದು ಗಡಿಯಾರ ಕೊಟ್ಟು ಕಳಿಸಿದರು.

ಹೋದ ವರ್ಷ, ಇನ್ನು ತಡೆಯಲಾರದೆ, ಅವರ ಮನೆ ಹುಡುಕಿಕೊಂಡು ಹೋದೆ. ಗಂಡ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. ಹೆಂಡತಿಯನ್ನು ಅವನು ಆಗಲೇ ತವರಿಗೆ ಕಳಿಸಿಬಿಟ್ಟಿದ್ದ. “ನನಗೇಕೆ ಹೇಳುತ್ತೀರಿ? ಸೂರತ್‌ಗೆ ಹೋಗಿ ಅವಳಿಗೆ ಹೇಳಿ” ಎಂದು ವಿಳಾಸ ಕೊಟ್ಟು ಬಾಗಿಲು ಹಾಕಿಕೊಂಡ.

ಸೂರತ್‌ನಲ್ಲಿ ಹೇತಲ್ ತವರಿನ ಜಗಲಿಯ ಮೇಲೆ ಸೀರೆಗೆ ಲೇಸು ಹಚ್ಚುತ್ತ ಕೂತಿದ್ದಳು. ನಾನು ಹೇಳುವಷ್ಟೂ ಹೊತ್ತು ಅವಳ ಸೂಜಿ ನಿಲ್ಲಲಿಲ್ಲ. ಮುಗಿದ ಮೇಲೆ, “ನೀವು ಕರೆದಾಗ ನನಗೆ ಜೊಂಪು ಹತ್ತಿರಬೇಕು ಅಂತಲೇ ನಾನೂ ನಂಬಿಬಿಟ್ಟಿದ್ದೆ” ಎಂದಳು. ಬೈಯಲಿಲ್ಲ. ಒಳಗಿನಿಂದ ಕಾಗದ, ಪೆನ್ನು ತಂದು ಮುಂದಿಟ್ಟಳು.

ನಾನು ಹಿಂದಿಯಲ್ಲಿ ‘ನನ್ನಿಂದ ತಪ್ಪಾಯಿತು’ ಎಂದು ಬರೆದೆ. ಅವಳು ಓದಿ, ಕಾಗದ ಹಿಂದಕ್ಕೆ ತಳ್ಳಿದಳು.

“ತಪ್ಪಲ್ಲ. ಸುಳ್ಳು ಹೇಳಿದೆ ಅಂತ ಬರೆಯಿರಿ.”

ಹಾಗೆಯೇ ಬರೆದು ಸಹಿ ಹಾಕಿದೆ. ಮೂವತ್ತು ವರ್ಷ ಕೌಂಟರಿನಲ್ಲಿ ಕೂತು ಕಲಿಯದ್ದನ್ನು ಆ ಜಗಲಿಯ ಮೇಲೆ ಕಲಿತೆ: ನಾಲಿಗೆ ತೊದಲಿದ್ದರೆ ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ನನ್ನನ್ನು ಕಾಪಾಡಿಕೊಳ್ಳಲು ಬರೆದ ಒಂದು ಪದವನ್ನು ಒಬ್ಬ ತಾಯಿ ಅಷ್ಟು ವರ್ಷ ಹೊತ್ತಳು.